ಅಪಾರ್ಟ್‌ಮೆಂಟ್ ಬೈಲಾ ನಮಗೆ ಓದಲು ಬರುವ ಭಾಷೆಯಲ್ಲಿರಲಿ

ಸಂಪಾದಕರಿಗೆ ನಮಸ್ಕಾರ.

ಅಪಾರ್ಟ್‌ಮೆಂಟ್ ಸಂಘದ ಕಮಿಟಿಯಲ್ಲಿ ಒಬ್ಬರು ಹಟಕ್ಕೆ ಬಿದ್ದರೆ ಉಳಿದ ಮನೆಯವರು ಏನೇನು ಅನುಭವಿಸಬೇಕಾಗುತ್ತದೆ ಅಂತ ನಾನು ಎರಡು ವರ್ಷ ಹತ್ತಿರದಿಂದ ನೋಡಿದ್ದೇನೆ. ನಮ್ಮ ಊರಲ್ಲಿ ಸೋಲಾಪುರ ರಸ್ತೆ, ಆಶ್ರಮ ರಸ್ತೆ, ಜಲನಗರ ಎಲ್ಲಾ ಕಡೆ ಅಪಾರ್ಟ್‌ಮೆಂಟ್ ಏಳುತ್ತಿವೆ. ಓಣಿಯ ಮನೆ ಬಿಟ್ಟು ಫ್ಲ್ಯಾಟಿಗೆ ಬರುವವರು ಜಾಸ್ತಿ ಆಗಿದ್ದಾರೆ. ನಮ್ಮ ತೊಂದರೆಯ ಬೇರು ಇದ್ದದ್ದು ಯಾರೂ ಓದದ ಬೈಲಾದಲ್ಲಿ, ಅಂದರೆ ಸಂಘದ ನಿಯಮಗಳ ಪುಸ್ತಕದಲ್ಲಿ. ಅವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ವಿಜಯಪುರದಲ್ಲಿ 30 ಮನೆಗಳ ಅಪಾರ್ಟ್‌ಮೆಂಟ್. ಐದು ಮಹಡಿ, ಒಂದು ಲಿಫ್ಟ್, ಒಂದು ಬೋರ್, ನೆಲದೊಳಗೆ ಒಂದು ಸಂಪು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಹಾಗಾಗಿ ಇಲ್ಲಿ ಎಲ್ಲರಿಗೂ ಅಕ್ಕೋರು. ಅಕ್ಕೋರಿಗೆ ಲೆಕ್ಕ ಬರುತ್ತದೆ ಅಂತ ಸಂಘದ ಕಾರ್ಯದರ್ಶಿ ಮಾಡಿದರು. ಮನೆಗೆ ತಿಂಗಳಿಗೆ 1,800 ರೂಪಾಯಿ ಮೇಂಟೆನೆನ್ಸ್ ಕೂಡಿಸುವುದು, ವಾಚಮನ್ ಪಗಾರ, ಹೆಸ್ಕಾಂ ಬಿಲ್ಲು, ಲಿಫ್ಟಿನ ವರ್ಷದ ಕರಾರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಇಷ್ಟೇ ಅಲ್ವಾ ಅಂದುಕೊಂಡು ಒಪ್ಪಿದೆ.

ಕಮಿಟಿಯಲ್ಲಿ ಏಳು ಜನ. ಅವರಲ್ಲಿ ಒಬ್ಬರ ವಿಷಯ ಇದು. ಹೆಸರು ಬೇಡ. ಅವರು ಇಂದಿಗೂ ನಮ್ಮ ನೆರೆಯವರು, ಬೆಳಿಗ್ಗೆ ಹಾಲು ತರಲು ಇಳಿದಾಗ ಎದುರಾಗುತ್ತಾರೆ, ಆರಾಮ ಇದ್ದೀರಾ ಅಂತ ಕೇಳುತ್ತಾರೆ.

ಮೀಟಿಂಗ್ ಆರು ಗಂಟೆಗೆ ಅಂದರೆ ಅವರು ಬರುತ್ತಿದ್ದದ್ದು ಆರೂಮುಕ್ಕಾಲಿಗೆ. ಬಂದು ಕೂತ ಕೂಡಲೇ, ಅಷ್ಟೊತ್ತಿಗೆ ನಾವು ಮಾತಾಡಿ ಮುಗಿಸಿದ ವಿಷಯವನ್ನೇ ಮತ್ತೆ ಮೊದಲಿನಿಂದ ತೆಗೆಯುತ್ತಿದ್ದರು. ಬೇರೆಯವರು ಬಾಯಿ ತೆರೆದರೆ ದನಿ ಏರಿಸುತ್ತಿದ್ದರು. ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್ ಗುಂಪಿಗೆ ನಾಲ್ಕು ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಬರುತ್ತಿದ್ದವು, ಬೆಳಗಾಗುವುದರೊಳಗೆ ಅದರ ಮೇಲೆ ಎರಡು ಮನೆಗಳ ನಡುವೆ ಜಗಳ ಹತ್ತಿರುತ್ತಿತ್ತು. ಅಧ್ಯಕ್ಷರು ಮೋಟರ್ ಹಚ್ಚು ಅಂದರೆ ಇವರು ಹೋಗಿ ಬಂದ್ ಮಾಡು ಅನ್ನುವುದು. ವಾಚಮನ್ ಹುಡುಗ ಒಂದು ದಿನ ನನ್ನ ಬಾಗಿಲಿಗೆ ಬಂದು ನಿಂತ. "ಅಕ್ಕೋರ, ನಾ ಯಾರ ಮಾತ ಕೇಳ್ಲಿ ಹೇಳ್ರಿ. ಇಲ್ಲಾಂದ್ರ ಇಲ್ಲಿತನಕದ ಪಗಾರ ಕೊಡ್ರಿ, ನಾ ಊರಿಗಿ ಹೊಕ್ಕೀನಿ" ಅಂದ. ಅವನಿಗೆ ಚಹಾ ಕೊಟ್ಟು ಕೂರಿಸಿದೆ. ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಏನೇ ಠರಾವು ಮಾಡಲು ಹೋದರೂ ಅವರು ಒಂದೇ ಮಾತು ಹೇಳುತ್ತಿದ್ದರು. "ಬೈಲಾದಾಗ ಹಂಗ ಇಲ್ಲರೀ. ಕಮಿಟಿಯೊಳಗ ಒಬ್ಬ ಮೆಂಬರ್ ಬ್ಯಾಡ ಅಂದ್ರೂ ಖರ್ಚ ಮಾಡೂ ಹಂಗಿಲ್ಲ." ಇದನ್ನು ಅವರು ಎಷ್ಟು ಧೈರ್ಯದಿಂದ ಹೇಳುತ್ತಿದ್ದರು ಅಂದರೆ ನಾವು ಆರೂ ಜನ ತೆಪ್ಪಗಾಗುತ್ತಿದ್ದೆವು. ನೀರಿನ ಟಾಕಿ ತೊಳೆಸುವುದು ನಿಂತಿತು. ಗೇಟಿನ ಕ್ಯಾಮರಾ ನಿಂತಿತು. ಮೇಲ್ಛಾವಣಿ ಸೋರುವುದಕ್ಕೆ ಮಳೆಗಾಲಕ್ಕೆ ಮುಂಚೆ ಮಾಡಿಸಬೇಕಾದ ಕೆಲಸವೂ ನಿಂತಿತು.

ನಮ್ಮ ಬೈಲಾ 38 ಪುಟ, ಪೂರ್ತಿ ಇಂಗ್ಲಿಷು. ಬಿಲ್ಡರ್ ಕಡೆಯವರು ಯಾವುದೋ ದೊಡ್ಡ ಊರಿನ ಅಪಾರ್ಟ್‌ಮೆಂಟಿನದ್ದನ್ನು ತಂದು ಹೆಸರು ಬದಲಿಸಿ ನೋಂದಣಿ ಮಾಡಿಸಿದ್ದರು. ಅದರಲ್ಲಿ ಈಜುಕೊಳದ ನಿಯಮ ಇದೆ, ಕ್ಲಬ್ ಹೌಸಿನ ಬಾಡಿಗೆಯ ನಿಯಮ ಇದೆ. ನಮ್ಮಲ್ಲಿ ಎರಡೂ ಇಲ್ಲ. 30 ಮನೆಯವರಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿದವರು ಯಾರೂ ಇರಲಿಲ್ಲ. ಕಾರ್ಯದರ್ಶಿಯಾದ ನಾನೂ ಓದಿರಲಿಲ್ಲ. ಅದನ್ನು ಒಪ್ಪಿಕೊಂಡೇ ಈ ಪತ್ರ ಬರೆಯಬೇಕು.

ಲಿಫ್ಟಿನ ವಿಷಯ ಹೇಳುತ್ತೇನೆ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಬೇಕಿತ್ತು, ಅಧ್ಯಕ್ಷರದ್ದು ಮತ್ತು ಇವರದ್ದು. ಮೊದಲ ವರ್ಷ ಯಾರೂ ಮುಂದೆ ಬರದಿದ್ದಾಗ ಇವರೇ ಸಹಿಗೆ ಒಪ್ಪಿದ್ದರು, ಅದು ಹಾಗೇ ಮುಂದುವರಿದಿತ್ತು. ಏಪ್ರಿಲ್‌ನಲ್ಲಿ ಲಿಫ್ಟಿನ ಕರಾರು ಮುಗಿಯಿತು. ಹೊಸದಕ್ಕೆ 38,000 ರೂಪಾಯಿ. ಇವರು ಚೆಕ್ಕಿಗೆ ಸಹಿ ಹಾಕಲಿಲ್ಲ. ಇನ್ನೂ ಕಡಿಮೆಗೆ ಮಾಡುವವರು ಇದ್ದಾರೆ, ನಾನು ಕರೆಸುತ್ತೇನೆ ಅಂದರು. ಕರೆಸಲಿಲ್ಲ. ಮೇ ತಿಂಗಳಲ್ಲಿ, ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನಗಳಲ್ಲಿ, ಲಿಫ್ಟ್ ಮೂರು ಮತ್ತು ನಾಲ್ಕನೆಯ ಮಹಡಿಯ ನಡುವೆ ನಿಂತಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಕರಾರು ಇಲ್ಲದ್ದಕ್ಕೆ ರಿಪೇರಿಯವರು ಬರಲಿಲ್ಲ. ಹನ್ನೊಂದು ದಿನ ಹಾಗೇ ನಿಂತಿತ್ತು.

ಐದನೆಯ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೊಣಕಾಲು ಮಡಚಲು ಬರುವುದಿಲ್ಲ. ಕಣ್ಣಿನ ಆಪರೇಷನ್‌ಗೆ ತಾರೀಖು ಕೊಟ್ಟಿದ್ದರು, ಹೋಗಲೇಬೇಕಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹಿಡಿದು ಇಳಿಸಿದರು. ಅಜ್ಜಿ ಒಂದು ಕೈಯಿಂದ ಕುರ್ಚಿಯ ಹಿಡಿ ಹಿಡಿದಿದ್ದರು, ಇನ್ನೊಂದು ಕೈಯಿಂದ ಸೆರಗು. ಪ್ರತಿ ತಿರುವಿನಲ್ಲಿ "ತಮ್ಮಾ, ಸ್ವಲ್ಪ ನಿಲ್ಲಪಾ" ಅನ್ನುತ್ತಿದ್ದರು. ಕೆಳಗೆ ತಲುಪುವ ಹೊತ್ತಿಗೆ ಅವರ ಬೆರಳು ಬಿಳುಚಿಕೊಂಡಿದ್ದವು. ಆ ಕುರ್ಚಿಯ ಒಂದು ಕಾಲು ಹಿಡಿದಿದ್ದವರು ಇದೇ ಸದಸ್ಯರು. ಅಂಗಿ ಎಲ್ಲ ಬೆವರಿನಿಂದ ತೊಯ್ದಿತ್ತು. ಅಜ್ಜಿಯನ್ನು ಕಾರಿನಲ್ಲಿ ಕೂರಿಸಿ, ನೀರಿನ ಬಾಟಲಿ ಕೈಗೆ ಕೊಟ್ಟು, ಬಾಗಿಲು ಹಾಕಿದ್ದೂ ಅವರೇ.

ಮರುದಿನ ನಾನು ಚೆಕ್ ತೆಗೆದುಕೊಂಡು ಹೋದೆ. ಆಗಲೂ ಸಹಿ ಹಾಕಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥವರನ್ನು ಕೆಟ್ಟವರು ಅಂತ ತೀರ್ಮಾನ ಮಾಡಿ ಕೂತರೆ ಏನೂ ಬಗೆಹರಿಯುವುದಿಲ್ಲ. ಅವರು ಕೆಟ್ಟವರಲ್ಲ. ತಾನು ಬಿಟ್ಟರೆ ಸಂಘದ ದುಡ್ಡು ಕಾಯುವವರು ಯಾರೂ ಇಲ್ಲ ಅಂತ ಅವರು ನಿಜವಾಗಿ ನಂಬಿದ್ದರು. ಹಾಗೆ ನಂಬಿದವರ ಎದುರು ಬೇಡಿಕೊಳ್ಳುವುದೂ ಉಪಯೋಗವಿಲ್ಲ, ಬೈಯುವುದೂ ಉಪಯೋಗವಿಲ್ಲ. ನಾವು ಎರಡನ್ನೂ ಮಾಡಿ ನೋಡಿದೆವು.

ನಮ್ಮ ತಪ್ಪುಗಳೂ ಸಾಕಷ್ಟಿವೆ. ಮೊದಲನೆಯದು ಸುಮ್ನಿದ್ದದ್ದು. "ಬಾಯಿ ಜೋರ ಇದ್ದವರ ಸಂಗಾಟ ಯಾಕ ಬೇಕ್ರಿ ಅಕ್ಕೋರ, ಬಿಡ್ರಿ" ಅಂತ ಎಲ್ಲರೂ ನನಗೆ ಮೆಟ್ಟಿಲ ಮೇಲೆ ಹೇಳುತ್ತಿದ್ದರು, ಮೀಟಿಂಗಿನಲ್ಲಿ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆವು. ಅವರನ್ನು ಬಿಟ್ಟು ಆರು ಜನರದ್ದೇ ಬೇರೆ ವಾಟ್ಸಾಪ್ ಗುಂಪು ಮಾಡಿಕೊಂಡೆವು. ಅದರಲ್ಲಿ ಮಾತಾಡಿ, ಅಲ್ಲೇ ಗಟ್ಟಿ ಮಾಡಿಕೊಂಡು, ಮೀಟಿಂಗಿಗೆ ಬಂದು ಕೈ ಎತ್ತುವುದು. ಒಂದು ತಿಂಗಳೊಳಗೆ ಅವರಿಗೆ ಗೊತ್ತಾಯಿತು. ಆ ದಿನ ಅವರು ಕೂಗಾಡಿದ್ದರಲ್ಲಿ ನ್ಯಾಯ ಇತ್ತು. ಕಮಿಟಿಯ ಸದಸ್ಯರೊಬ್ಬರನ್ನು ಬಿಟ್ಟು ಕಮಿಟಿಯ ನಿರ್ಧಾರ ಮಾಡಲು ನಮಗೆ ಯಾವ ಹಕ್ಕೂ ಇರಲಿಲ್ಲ. ನಾನು ಅಲ್ಲೇ ಕ್ಷಮೆ ಕೇಳಿದೆ, ಗುಂಪು ಅಳಿಸಿದೆವು.

ಮೂರನೆಯ ತಪ್ಪು ಆಗುವುದು ಸ್ವಲ್ಪದರಲ್ಲಿ ತಪ್ಪಿತು. ಲಿಫ್ಟ್ ನಿಂತು ಎಂಟನೆಯ ದಿನ, ಕೆಲವು ಹುಡುಗರು ಬಂದು ಅವರ ಮನೆಯ ನೀರಿನ ವಾಲ್ವ್ ಬಂದ್ ಮಾಡೋಣ, ಎರಡು ದಿನದಲ್ಲಿ ಸಹಿ ಹಾಕುತ್ತಾರೆ ಅಂದರು. ಬಹಳ ಜನಕ್ಕೆ ಅದು ಸರಿ ಅನ್ನಿಸಿತ್ತು. ನಾನು ಹುಟ್ಟಿ ಬೆಳೆದ ಓಣಿಯಲ್ಲಿ ಒಂದೇ ಬಾವಿ ಇತ್ತು. ಎಷ್ಟೇ ಜಗಳ ಇದ್ದರೂ, ಕೋರ್ಟಿಗೆ ಹೋದವರಿದ್ದರೂ, ಬೆಳಿಗ್ಗೆ ಕೊಡ ಹಿಡಿದು ಬಂದವರಿಗೆ ಹಗ್ಗ ಕೊಡುತ್ತಿದ್ದರು. ಬೇಸಿಗೆಯಲ್ಲಿ ನೀರು ಅಂದರೆ ಏನು ಅಂತ ವಿಜಯಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವಾಲ್ವ್ ಮುಟ್ಟಿದರೆ ನಾನೇ ಪೊಲೀಸರಿಗೆ ಫೋನ್ ಮಾಡುತ್ತೇನೆ ಅಂತ ಹೇಳಿದೆ. ನಮ್ಮಲ್ಲಿ ಬಾಡಿಗೆಗೆ ಇರುವ ವಕೀಲರೊಬ್ಬರೂ ಆ ಹುಡುಗರಿಗೆ ಸರಿಯಾಗಿ ಬೈದರು. ಬೇರೆ ಅಪಾರ್ಟ್‌ಮೆಂಟಿನವರಿಗೂ ಇದನ್ನೇ ಕೇಳಿಕೊಳ್ಳುತ್ತೇನೆ. ನೀರು, ಕರೆಂಟು, ಲಿಫ್ಟು, ಇವುಗಳನ್ನು ಜಗಳಕ್ಕೆ ಎಳೆಯಬೇಡಿ.

ಕೊನೆಗೆ ಲಿಫ್ಟಿನ ದುಡ್ಡನ್ನು ಹತ್ತು ಮನೆಯವರು ಕೈಯಿಂದ ಹಾಕಿ ಕೊಟ್ಟೆವು. ಆದರೆ ಹೀಗೆ ಎಷ್ಟು ಸಲ ಕೊಡಲು ಆಗುತ್ತದೆ?

ಜೂನ್‌ನಲ್ಲಿ ನಾನು ಬೈಲಾ ತೆಗೆದುಕೊಂಡು ಕೂತೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೂರನೆಯ ಮಹಡಿಯಲ್ಲಿ ಡಿಗ್ರಿ ಓದುವ ಹುಡುಗಿಯೊಬ್ಬಳು ಸಂಜೆ ಹೊತ್ತು ಬಂದು ಕೂತಳು. ಅವಳು ಓದಿ ಅರ್ಥ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು, ಅನುಮಾನ ಬಂದಲ್ಲಿ ಕೆಳಗಿನ ವಕೀಲರನ್ನು ಕೇಳುವುದು. ಮೂರು ವಾರ ಹಿಡಿಯಿತು. ಈಜುಕೊಳದ ಪುಟಗಳನ್ನು ಬಿಟ್ಟೆವು. ಎರಡು ನೂರು ಪುಟದ ನೋಟ್‌ಬುಕ್ಕಿನಲ್ಲಿ ಅರ್ಧದಷ್ಟು ತುಂಬಿತು. ಕೋರಂ, ಅಜೆಂಡಾ ಇಂಥ ಪದಗಳನ್ನು ಹಾಗೇ ಇಟ್ಟೆವು, ಎಲ್ಲರಿಗೂ ತಿಳಿಯುತ್ತದೆ ಅಲ್ವಾ.

ಹನ್ನೆರಡನೆಯ ದಿನ ಆ ಸಾಲು ಸಿಕ್ಕಿತು. ಕಮಿಟಿಯ ನಿರ್ಧಾರ ಆಗಬೇಕಾದದ್ದು ಸಭೆಯಲ್ಲಿ ಹಾಜರಿದ್ದವರ ಬಹುಮತದಿಂದ. ಎರಡೂ ಕಡೆ ಸಮ ಆದರೆ ಅಧ್ಯಕ್ಷರ ಓಟು. ಒಬ್ಬರು ಬೇಡ ಅಂದರೆ ಖರ್ಚು ನಿಲ್ಲುತ್ತದೆ ಅನ್ನುವ ಮಾತು 38 ಪುಟದಲ್ಲಿ ಎಲ್ಲೂ ಇರಲಿಲ್ಲ. ಹುಡುಗಿ ಆ ಸಾಲನ್ನು ಮೂರು ಸಲ ಓದಿದಳು. ನನಗೆ ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ನಾಚಿಕೆ ಆಯಿತು. ಒಂದು ಸಾಲು ಓದದೇ ಇದ್ದದ್ದಕ್ಕೆ ಅಜ್ಜಿ ಕುರ್ಚಿಯಲ್ಲಿ ಐದು ಮಹಡಿ ಇಳಿಯಬೇಕಾಯಿತು.

ಇನ್ನೂ ಬಹಳ ಸಿಕ್ಕವು. ಚೆಕ್ಕಿಗೆ ಯಾರು ಸಹಿ ಹಾಕಬೇಕು ಅನ್ನುವುದನ್ನು ಕಮಿಟಿಯೇ ಠರಾವು ಮಾಡಿ ಬದಲಿಸಬಹುದು. ಕಮಿಟಿ ಸದಸ್ಯರನ್ನು ತೆಗೆಯುವ ಅಧಿಕಾರ ಕಮಿಟಿಗೆ ಇಲ್ಲ, ಮಾಲೀಕರ ಸಾಮಾನ್ಯ ಸಭೆಗೆ ಮಾತ್ರ ಇದೆ, ಅದೂ ಮೊದಲೇ ನೋಟಿಸು ಕೊಟ್ಟು, ಆ ಸದಸ್ಯರಿಗೆ ಸಭೆಯಲ್ಲಿ ಮಾತಾಡಲು ಅವಕಾಶ ಕೊಟ್ಟ ಮೇಲೆ. ಮತ್ತೊಂದು ಸಾಲು ನನ್ನ ಕಡೆಗೇ ಇತ್ತು. ಕಮಿಟಿ ಸಭೆಗೆ ಏಳು ದಿನ ಮುಂಚೆ ಕಾರ್ಯದರ್ಶಿ ಅಜೆಂಡಾ ಕಳಿಸಬೇಕು ಅಂತ ಬರೆದಿದೆ. ನಾನು ಎರಡು ವರ್ಷದಲ್ಲಿ ಒಂದು ಸಲವೂ ಕಳಿಸಿರಲಿಲ್ಲ. ಇವತ್ತು ಸಂಜೆ ಸೇರೋಣ ಅಂತ ವಾಟ್ಸಾಪ್ ಹಾಕುತ್ತಿದ್ದೆ. ಅಜೆಂಡಾ ಇಲ್ಲದ ಮೀಟಿಂಗಿನಲ್ಲಿ ಯಾರ ದನಿ ದೊಡ್ಡದೋ ಅವರ ವಿಷಯವೇ ಅಜೆಂಡಾ ಆಗುತ್ತದೆ.

ಅವರು ಮಾತು ಮಾತಿಗೆ "ರಜಿಸ್ಟ್ರಾರ್ ಕಡೆ ಹೋಗ್ತೀನಿ, ಸಂಘ ಬಂದ್ ಮಾಡಸ್ತೀನಿ" ಅನ್ನುತ್ತಿದ್ದರು. ಅದಕ್ಕೂ ನಾವು ಹೆದರುತ್ತಿದ್ದೆವು. ವಕೀಲರು ಬಿಡಿಸಿ ಹೇಳಿದರು. ನಮ್ಮ ರಾಜ್ಯದಲ್ಲಿ ಅಪಾರ್ಟ್‌ಮೆಂಟ್ ಸಂಘಗಳು ಸಾಮಾನ್ಯವಾಗಿ ಎರಡು ಕಾಯ್ದೆಗಳಲ್ಲಿ ಒಂದರ ಕೆಳಗೆ ಬರುತ್ತವೆ, 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಅಥವಾ 1960ರ ಸಂಘಗಳ ನೋಂದಣಿ ಕಾಯ್ದೆ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ, ಯಾಕಂದರೆ ದೂರು ಎಲ್ಲಿ ಕೊಡಬೇಕು, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಲ್ಲಾ ಅದರ ಮೇಲೆ ನಿಂತಿದೆ. ನಮ್ಮದು 1960ರದ್ದು. ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ಮಾಡಬೇಕು, ಕಮಿಟಿಯವರ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿ ಕಚೇರಿಗೆ ಕೊಡಬೇಕು. ಅದೇ ಕಾಯ್ದೆಯ 25ನೇ ಕಲಂನಲ್ಲಿ ವಿಚಾರಣೆಯ ಅಧಿಕಾರ ಇದೆ. ಸಂಘದ ಮೂರರಲ್ಲಿ ಒಂದು ಭಾಗ ಸದಸ್ಯರು, ಇಲ್ಲವೇ ಕಮಿಟಿಯ ಬಹುಮತದವರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಸಂಘದ ವಿಚಾರಣೆ ಮಾಡಬೇಕಾಗುತ್ತದೆ, ತಾವಾಗಿಯೂ ಮಾಡಬಹುದು. ಅಂದರೆ ಆ ಬಾಗಿಲು ಎಲ್ಲರಿಗೂ ತೆರೆದಿದೆ. ಲೆಕ್ಕ ಸರಿ ಇಟ್ಟವರು ಅದಕ್ಕೆ ಹೆದರುವ ಕಾರಣ ಇಲ್ಲ.

ಜುಲೈನಲ್ಲಿ, ನೋಟಿಸು ಕೊಟ್ಟು, ಸರಿಯಾಗಿ ಸಾಮಾನ್ಯ ಸಭೆ ಕರೆದೆವು. ಕೆಳಗೆ ಪಾರ್ಕಿಂಗಿನಲ್ಲಿ ಗಾಡಿ ಸರಿಸಿ ಜಮಖಾನೆ ಹಾಸಿದೆವು. ಸಭೆಗೆ ಹತ್ತು ದಿನ ಮುಂಚೆಯೇ ಕನ್ನಡ ಬೈಲಾದ ಜೆರಾಕ್ಸ್ ಪ್ರತಿ ಮನೆಗೂ ಕೊಟ್ಟಿದ್ದೆ, ಅವರ ಮನೆಗೆ ನಾನೇ ಹೋಗಿ ಕೈಯಲ್ಲಿ ಕೊಟ್ಟು ಬಂದೆ. 23 ಮನೆಯವರು ಬಂದರು. ಅಷ್ಟು ಜನ ಹಿಂದೆ ಯಾವತ್ತೂ ಸೇರಿರಲಿಲ್ಲ.

ಅವರು ಎದ್ದು ನಿಂತು, ಇದು ಅಕ್ಕೋರು ಬರೆದ ಕನ್ನಡ, ಇದಕ್ಕೆ ಕಾನೂನಿನ ಬೆಲೆ ಇಲ್ಲ ಅಂದರು. ಅವರು ಹೇಳಿದ್ದು ಸರಿ. ನೋಂದಣಿ ಆಗಿದ್ದು ಇಂಗ್ಲಿಷ್ ಪ್ರತಿಯೇ. ಅದಕ್ಕೇ ನಾನು ಮೂಲ ಪ್ರತಿಯನ್ನೂ ತಂದಿದ್ದೆ, ಆ ಪುಟಕ್ಕೆ ಒಂದು ಚೀಟಿ ಇಟ್ಟಿದ್ದೆ. ನೀವೇ ಓದಿ ಹೇಳಿ ಅಂತ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡರು. ಮೊದಲು ಮನಸ್ಸಿನಲ್ಲಿ ಓದಿಕೊಂಡರು. ಹಿಂದಿನ ಪುಟ ತಿರುವಿದರು, ಮುಂದಿನ ಪುಟ ತಿರುವಿದರು, ಮತ್ತೆ ಅಲ್ಲಿಗೇ ಬಂದರು. ಆಮೇಲೆ ಗಟ್ಟಿಯಾಗಿ ಓದಿದರು, ಎರಡು ಸಲ. ಎರಡನೆಯ ಸಲ ದನಿ ಸಣ್ಣದಾಗಿತ್ತು. "ನನಗ ಬಿಲ್ಡರ್ ಕಡೆಯವ್ರು ಹಂಗ ಹೇಳಿದ್ರು" ಅಂದು ಪುಸ್ತಕ ನನ್ನ ಕೈಗೆ ಕೊಟ್ಟು ಕೂತರು. ಅವರೂ ಅದನ್ನು ಓದಿರಲಿಲ್ಲ, ಸಂಪಾದಕರೆ. ಯಾರೋ ಹೇಳಿದ್ದನ್ನು ನಂಬಿಕೊಂಡು ಬಂದಿದ್ದರು, ನಾವು ಅವರು ಹೇಳಿದ್ದನ್ನು ನಂಬಿಕೊಂಡು ಬಂದಿದ್ದೆವು.

ಅವರನ್ನು ಕಮಿಟಿಯಿಂದ ತೆಗೆಯಲು ಮತ್ತೊಂದು ಸಭೆ ಕರೆಯಿರಿ ಅಂತ ಹನ್ನೊಂದು ಮನೆಯವರು ಹಟ ಹಿಡಿದರು. ನಾನು ಬೇಡ ಅಂದೆ. ಕಮಿಟಿಯಿಂದ ತೆಗೆದರೂ ಅವರ ಮನೆ ಇಲ್ಲೇ ಇರುತ್ತದೆ. ಅವರು ಕೆಲಸ ನಿಲ್ಲಿಸುತ್ತಿದ್ದದ್ದು ಚೆಕ್ಕಿನ ಸಹಿಯಿಂದ ಮತ್ತು ಆ ಇಲ್ಲದ ನಿಯಮದಿಂದ. ನಿಯಮ ಆ ದಿನವೇ ಹೋಯಿತು. ಸಹಿಯನ್ನು ಬದಲಿಸೋಣ, ಕುರ್ಚಿ ಇರಲಿ ಅಂದೆ. ಮುಂದಿನ ವಾರ ಕಮಿಟಿಯಲ್ಲಿ ಠರಾವು ಪಾಸಾಯಿತು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಮೂವರಲ್ಲಿ ಯಾರಾದರೂ ಇಬ್ಬರ ಸಹಿ. ಠರಾವಿನ ಪ್ರತಿ ಬ್ಯಾಂಕಿಗೆ ಕೊಟ್ಟೆವು. ಅಷ್ಟು ಸಣ್ಣ ಕೆಲಸ ಅದು.

ಆಮೇಲೆ ಸಭೆ ನಡೆಸುವ ರೀತಿ ಬದಲಿಸಿದೆವು. ಅಜೆಂಡಾ ಏಳು ದಿನ ಮುಂಚೆ, ಕನ್ನಡದಲ್ಲಿ. ಒಂದು ವಿಷಯಕ್ಕೆ ಒಬ್ಬರು ಮೂರು ನಿಮಿಷ, ಎಲ್ಲರದ್ದೂ ಆಗುವವರೆಗೆ ಎರಡನೆಯ ಸಲ ಇಲ್ಲ. ವಾಚಮನ್‌ಗೆ ಹೇಳುವುದು ಏನಿದ್ದರೂ ಒಂದು ಪುಸ್ತಕದಲ್ಲಿ ಬರೆಯಬೇಕು, ಹೇಳುವವರು ನಾನೊಬ್ಬಳೇ. ವಾಟ್ಸಾಪ್ ಗುಂಪು ಬರೀ ಸೂಚನೆಗೆ. ದನಿ ಏರಿದರೆ ಅಧ್ಯಕ್ಷರು ಸಭೆಯನ್ನು ಹತ್ತು ನಿಮಿಷ ನಿಲ್ಲಿಸುತ್ತಾರೆ, ಯಾರ ಜೊತೆಗೂ ವಾದ ಮಾಡುವುದಿಲ್ಲ.

ಇವುಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಬೇರೊಂದು. ಠರಾವಿಗೆ ಯಾರಾದರೂ ಒಪ್ಪದಿದ್ದರೆ ಅವರ ಹೆಸರು, ಅವರು ಕೊಟ್ಟ ಕಾರಣ, ಅವರದ್ದೇ ಮಾತಿನಲ್ಲಿ ನಡಾವಳಿ ಪುಸ್ತಕದಲ್ಲಿ ಬರೆಯುವುದು, ಬರೆದು ಓದಿ ತೋರಿಸುವುದು. ಮೊದಲ ಸಲ ಅವರು ಟಾಕಿ ತೊಳೆಸುವ ದರ ಜಾಸ್ತಿ ಅಂತ ವಿರೋಧ ಮಾಡಿದಾಗ ನಾನು ಪೆನ್ನು ಹಿಡಿದು, ಹೇಳಿ, ಬರೆದುಕೊಳ್ಳುತ್ತೇನೆ ಅಂದೆ. ಅವರು ಅರ್ಧ ನಿಮಿಷ ಸುಮ್ನೆ ಕೂತರು. ಆಮೇಲೆ ನಿಧಾನವಾಗಿ ನಾಲ್ಕು ವಾಕ್ಯ ಹೇಳಿದರು. ನಾನು ಓದಿದೆ. ಹೌದು, ಹಾಗೇ ಅಂದರು. ಓಟು ಆರಕ್ಕೆ ಒಂದು, ಕೆಲಸ ಪಾಸಾಯಿತು, ಮುಂದಿನ ವಿಷಯಕ್ಕೆ ಹೋದೆವು. ನನ್ನ ಮಾತು ಎಲ್ಲಿಯೂ ಉಳಿಯುವುದಿಲ್ಲ ಅನ್ನಿಸಿದವರು ಅದೇ ಮಾತನ್ನು ಹತ್ತು ಸಲ ಕೂಗುತ್ತಾರೆ. ನನ್ನ ಕ್ಲಾಸಿನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೆ, ದೊಡ್ಡವರ ಸಭೆಯಲ್ಲಿ ನೆನಪಾಗಲಿಲ್ಲ.

ಪ್ರಶ್ನೆ ಇದ್ದರೆ ಬರೆದು ಕೊಡಿ, ಹದಿನೈದು ದಿನದಲ್ಲಿ ಬರೆದೇ ಉತ್ತರ ಕೊಡುತ್ತೇನೆ ಅಂತಲೂ ಹೇಳಿದೆ. ಹಿಂದೆ ಜಿಎಸ್‌ಟಿ ಕಟ್ಟಿಲ್ಲ, ಎಲ್ಲರಿಗೂ ದಂಡ ಬೀಳುತ್ತದೆ ಅಂತ ಮೂರು ಮೀಟಿಂಗ್ ಹಾಳಾಗಿದ್ದವು. ಬರೆದು ಕೊಟ್ಟಾಗ ಉತ್ತರ ಅರ್ಧ ಪುಟ ಆಯಿತು. ಮನೆಗೆ ತಿಂಗಳಿಗೆ 7,500 ರೂಪಾಯಿ ದಾಟಬೇಕು, ಸಂಘದ ವರ್ಷದ ವಹಿವಾಟು 20 ಲಕ್ಷ ದಾಟಬೇಕು, ಎರಡೂ ಆದರೆ ಮಾತ್ರ ಮೇಂಟೆನೆನ್ಸ್ ಮೇಲೆ ಜಿಎಸ್‌ಟಿ. ನಮ್ಮದು ಮನೆಗೆ 1,800, ಎಲ್ಲಾ ಸೇರಿ ವರ್ಷಕ್ಕೆ 6,48,000. ಮತ್ತೆ ಆ ಮಾತು ಬರಲಿಲ್ಲ.

ಟ್ಯಾಂಕರಿನ ವಿಷಯದಲ್ಲಿ ಮಾತ್ರ ಅವರು ಹೇಳಿದ್ದೇ ನಿಜ ಆಯಿತು. ಹೋದ ಬೇಸಿಗೆಯಲ್ಲಿ ತುಂಬಿದ ಮೀಟಿಂಗಿನಲ್ಲಿ ಅವರು ನನ್ನ ಕಡೆ ಕೈ ಮಾಡಿ, ಟ್ಯಾಂಕರಿನವನ ಕಳವಿನಲ್ಲಿ ಸೆಕ್ರೆಟರಿಗೂ ಪಾಲಿದೆ ಅಂದಿದ್ದರು. ಜೀವನದಲ್ಲಿ ಯಾರೂ ನನಗೆ ಅಂಥ ಮಾತು ಅಂದಿರಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಆ ಸಿಟ್ಟಿನಲ್ಲಿ ಅವರು ಹೇಳಿದ ಮೂಲ ವಿಷಯವನ್ನೇ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅದನ್ನೇ ಬರೆದು ಕೊಟ್ಟರು. 5,000 ಲೀಟರಿನ ಬಿಲ್ಲು ಬರುತ್ತದೆ, ಅಷ್ಟು ನೀರು ಬರುವುದಿಲ್ಲ ಅಂತ. ನಾನು ಬಿದಿರಿನ ಕೋಲಿಗೆ ಇಂಚಿನ ಗುರುತು ಹಾಕಿಕೊಂಡು ಸಂಪಿನ ಹತ್ತಿರ ಹೋದೆ. ನಮ್ಮ ಸಂಪು ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಒಂದು ಘನ ಅಡಿಗೆ 28.3 ಲೀಟರ್ ಹಿಡಿದರೆ ಒಂದು ಅಡಿ ನೀರಿಗೆ 2,264 ಲೀಟರ್. 5,000 ಲೀಟರ್ ಸುರಿದರೆ ನೀರು ಎರಡು ಅಡಿ ಎರಡೂವರೆ ಇಂಚು ಏರಬೇಕು. ಮೋಟರ್ ಬಂದ್ ಮಾಡಿಸಿ, ಟ್ಯಾಂಕರ್ ಖಾಲಿಯಾಗುವ ಮುಂಚೆ ಮತ್ತು ಆದ ಮೇಲೆ ಕೋಲು ಇಳಿಸಿದೆ. ಒದ್ದೆ ಗುರುತು ಏರಿದ್ದು ಒಂದು ಅಡಿ ಒಂಬತ್ತು ಇಂಚು. 4,000 ಲೀಟರ್ ಕೂಡ ಪೂರ್ತಿ ಇಲ್ಲ. ಮತ್ತೆರಡು ಸಲ ಅಳೆದೆ, ಅಷ್ಟೇ.

ಆ ಟ್ಯಾಂಕರಿನವರನ್ನು ಬಿಡಿಸಿದೆವು. ಈಗ ಕೋಲಿನ ಲೆಕ್ಕಕ್ಕೆ ದುಡ್ಡು. ಅಳೆದವರ ಸಹಿ ಪುಸ್ತಕದಲ್ಲಿ ಇರುತ್ತದೆ, ಬಹಳ ದಿನ ಅದು ಈ ಸದಸ್ಯರದ್ದೇ ಸಹಿ. ನನಗೆ ಅಂದ ಮಾತಿಗೆ ಅವರು ಇವತ್ತಿನವರೆಗೂ ತಪ್ಪಾಯಿತು ಅಂದಿಲ್ಲ. ಆ ನೋವು ನನಗಿದೆ. ಹಾಗಂತ ನೀರಿನ ಲೆಕ್ಕ ಸುಳ್ಳಾಗುವುದಿಲ್ಲ.

ಎಲ್ಲಾ ಸರಿಹೋಯಿತು ಅಂತ ಹೇಳುತ್ತಿಲ್ಲ. ಸೆಪ್ಟೆಂಬರ್ ಸಭೆಯನ್ನು ಅಧ್ಯಕ್ಷರು ಎರಡು ಸಲ ನಿಲ್ಲಿಸಬೇಕಾಯಿತು. ಮತ್ತೊಂದು ಸಲ ಅವರು ಎದ್ದು ಹೋದರು. ಕೋರಂ ಇತ್ತು, ಸಭೆ ಮುಂದುವರಿಸಿದೆವು, ನಡಾವಳಿಯ ಪ್ರತಿ ಅವರ ಮನೆಗೆ ಕಳಿಸಿದೆವು. ಮೊದಲಾಗಿದ್ದರೆ ಆ ದಿನ ಎಲ್ಲರೂ ಅವರ ಹಿಂದೆ ಓಡುತ್ತಿದ್ದೆವು. ಇಷ್ಟೆಲ್ಲಾ ಮಾಡಿದ ಮೇಲೂ ಬಗ್ಗದವರು ಎಲ್ಲಾದರೂ ಇದ್ದರೆ, ಅಲ್ಲಿ ಸಾಮಾನ್ಯ ಸಭೆ ಕರೆದು, ಅವರ ಮಾತು ಪೂರ್ತಿ ಕೇಳಿ, ಓಟು ಹಾಕಿ ಕಮಿಟಿಯಿಂದ ಇಳಿಸಿ. ಅದರಲ್ಲಿ ತಪ್ಪಿಲ್ಲ. ಮೊದಲ ಹೆಜ್ಜೆಯೇ ಅದಾಗಬಾರದು ಅಷ್ಟೇ.

ಈಗ ನನ್ನ ಬೇಡಿಕೆ. ಸಂಘ ನೋಂದಣಿ ಮಾಡುವಾಗ ಬೈಲಾದ ಕನ್ನಡ ಪ್ರತಿ ಕಡ್ಡಾಯ ಮಾಡಲಿ. ಸಣ್ಣ ಊರಿನ ಸಣ್ಣ ಅಪಾರ್ಟ್‌ಮೆಂಟಿಗೆ ಹೊಂದುವ ಹತ್ತು ಹನ್ನೆರಡು ಪುಟದ ಮಾದರಿ ಬೈಲಾ, ಒಂದು ಮಾದರಿ ಅಜೆಂಡಾ, ಒಂದು ಮಾದರಿ ನಡಾವಳಿಯನ್ನು ಸಹಕಾರ ಇಲಾಖೆಯವರು ನಮ್ಮ ಜಿಲ್ಲೆಯಲ್ಲೇ ಸಿಗುವಂತೆ ಇಡಲಿ. ಹಳ್ಳಿಯ ಹಾಲಿನ ಸಂಘದವರಿಗೆ ಕನ್ನಡದಲ್ಲಿ ಪುಸ್ತಕ ಬರೆಯಲು ಬರುತ್ತದೆ, ಲಕ್ಷ ಲಕ್ಷ ಸಾಲ ಮಾಡಿ ಫ್ಲ್ಯಾಟ್ ಕೊಂಡವರಿಗೆ ತಮ್ಮ ನಿಯಮ ಓದಲು ಆಗುವುದಿಲ್ಲ ಅಂದರೆ ಹೇಗೆ? ಬಿಲ್ಡರ್‌ಗಳ ಮೇಲೆ ನಿಯಂತ್ರಣ ಇಡುವ 2016ರ ರೇರಾ ಕಾಯ್ದೆ ಪ್ರಕಾರ ಅರ್ಧಕ್ಕಿಂತ ಹೆಚ್ಚು ಮನೆ ಬುಕ್ ಆದ ಮೂರು ತಿಂಗಳೊಳಗೆ ಬಿಲ್ಡರ್ ಸಂಘ ಕಟ್ಟಲು ಅನುವು ಮಾಡಿಕೊಡಬೇಕು. ಹೊಸದಾಗಿ ಕೊಳ್ಳುವವರು ಆಗಲೇ ಬೈಲಾ ಕೇಳಿ, ಮನೆಗೆ ತಂದು ಓದಿ, ತಿಳಿಯದಿದ್ದರೆ ತಿಳಿದವರಿಂದ ಓದಿಸಿಕೊಳ್ಳಿ. ಅಡುಗೆಮನೆಯ ಟೈಲ್ಸ್ ನೋಡಲು ನಾವು ನಾಲ್ಕು ಸಲ ಹೋಗುತ್ತೇವೆ, ಇದಕ್ಕೆ ಒಂದು ಸಂಜೆ ಕೊಡಿ.

ನಮ್ಮ ಕನ್ನಡ ಪ್ರತಿ ಈಗ ಲಿಫ್ಟಿನ ಪಕ್ಕದ ಗೋಡೆಗೆ ದಾರ ಕಟ್ಟಿ ತೂಗುಬಿಟ್ಟಿದೆ. ಐದನೆಯ ಮಹಡಿಯ ಅಜ್ಜಿಗೆ ಕಣ್ಣು ಚೆನ್ನಾಗಿ ಕಾಣುತ್ತಿದೆ, ಮನೆಗೆ ಕೊಟ್ಟ ಪ್ರತಿಯನ್ನು ತಾವೇ ಓದಿದರಂತೆ. ಮೊನ್ನೆ ನನ್ನನ್ನು ಕರೆದು, "ಇದರಾಗ ಲಿಫ್ಟ್ ಕೆಟ್ರ ಎಷ್ಟ ದಿನದಾಗ ರಿಪೇರಿ ಮಾಡಸ್ಬೇಕಂತ ಬರದೇ ಇಲ್ಲಲ್ಲವಾ, ಬರೀರಿ" ಅಂದರು. ನಿಜ, ಬರೆದಿಲ್ಲ. ಬರುವ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಅದನ್ನು ನಾಲ್ಕನೆಯ ವಿಷಯವಾಗಿ ಹಾಕಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ
ವಿಜಯಪುರ